ಕನಾಲ್ ದ್ಯು ಮಿದಿಯಲ್ಲಿ ಬೋಟು ನೀವೇ ನಡೆಸಿ: ದಾರಿ ಆರಿಸುವುದರಿಂದ ಬೋಟು ಒಪ್ಪಿಸುವವರೆಗೆ

ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ ಕಾಲುವೆಯಲ್ಲಿ ಬಾಡಿಗೆ ಬೋಟು ನಡೆಸಲು ಲೈಸೆನ್ಸ್ ಬೇಡ. ಇಷ್ಟು ಕೇಳಿದ ಕೂಡಲೇ ಎಷ್ಟೋ ಜನ ಬುಕ್ ಮಾಡಿಬಿಡುತ್ತಾರೆ. ಎಡವುವುದು ಆಮೇಲೆ, ಅದೂ ಹೆಚ್ಚಿನವರು ಅದೇ ಎರಡು ಕಡೆ. ಒಂದು ವಾರಕ್ಕೆ ಆಗದಷ್ಟು ದೂರ ಹಾಕಿಕೊಳ್ಳುತ್ತಾರೆ. ಲಾಕ್ ಒಳಗೆ ಹಗ್ಗಕ್ಕೆ ಗಂಟು ಹಾಕುತ್ತಾರೆ. ಮೊದಲನೆಯದರಿಂದ ರಜೆ ಹಾಳಾಗುತ್ತದೆ. ಎರಡನೆಯದರಿಂದ ಬೋಟೇ ಮಗುಚಬಹುದು.

ಲಾಕ್ ಎಂದರೆ ಎರಡು ಗೇಟುಗಳ ನಡುವಿನ ಕಲ್ಲಿನ ತೊಟ್ಟಿ. ಬೋಟು ಒಳಗೆ ಬಂದಮೇಲೆ ಹಿಂದಿನ ಗೇಟು ಮುಚ್ಚಿ ನೀರು ತುಂಬಿಸುತ್ತಾರೆ ಅಥವಾ ಖಾಲಿ ಮಾಡುತ್ತಾರೆ. ನೀರಿನ ಜೊತೆ ಬೋಟು ಏರುತ್ತದೆ, ಇಳಿಯುತ್ತದೆ. ಅಪಾಯ ಇರುವುದೆಲ್ಲ ಆ ಕೆಲವು ನಿಮಿಷಗಳಲ್ಲಿ, ಹಾಗಾಗಿ ಇಲ್ಲಿಯೂ ಹೆಚ್ಚಿನ ಜಾಗ ಅದಕ್ಕೇ.

## ಹಂತ 1: ದಾರಿ ಆರಿಸಿಕೊಳ್ಳಿ

ತುಲೂಸ್‌ನಿಂದ ತೋ ಸರೋವರದವರೆಗೆ ಕಾಲುವೆ 240 ಕಿಲೋಮೀಟರ್, ನಡುವೆ 60ಕ್ಕೂ ಹೆಚ್ಚು ಲಾಕ್‌ಗಳು. ನಕ್ಷೆ ನೋಡಿದವರಿಗೆ ಇಡೀ ಕಾಲುವೆ ಒಂದೇ ವಾರದಲ್ಲಿ ಮುಗಿಸಬೇಕು ಅನ್ನಿಸುತ್ತದೆ. ಬೇಡ. ಲೆಕ್ಕ ಹೀಗೆ ಹಾಕಿ: ಗಂಟೆಗೆ 6 ಕಿಲೋಮೀಟರ್, ಪ್ರತಿ ಲಾಕ್‌ಗೆ 15 ನಿಮಿಷ, ಒಂದಕ್ಕೊಂದು ಅಂಟಿಕೊಂಡ ಜೋಡಿ ಲಾಕ್ ಆದರೆ ಅರ್ಧ ಗಂಟೆ. ಇಡೀ ಕಾಲುವೆಗೆ 55 ಗಂಟೆಗೂ ಹೆಚ್ಚು ಬೇಕಾಗುತ್ತದೆ. ಲಾಕ್‌ಗಳು ರಾತ್ರಿ ತೆರೆಯುವುದಿಲ್ಲ, ಮಧ್ಯಾಹ್ನ ಊಟದ ಬಿಡುವೂ ಇದೆ. ಅಂದರೆ ಬೆಳಗಿನಿಂದ ಸಂಜೆಯವರೆಗೆ ಚುಕ್ಕಾಣಿ ಬಿಟ್ಟು ಏಳುವಂತಿಲ್ಲ.

ದಿನಕ್ಕೆ 4 ಗಂಟೆ ಪ್ರಯಾಣ ಸಾಕು. ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವುದು ಓಂಪ್ಸ್ ಊರಿನಿಂದ ಕೊಲೊಂಬಿಯೇವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವುದು. ಹೋಗಿಬರಲು ಸುಮಾರು 110 ಕಿಲೋಮೀಟರ್. ಹೊರಟ ಕೂಡಲೇ ಓಂಪ್ಸ್, ಒಞೋಂ, ಪೆಶ್‌ಲೋರಿಯೇ, ಆರ್ಜಾನ್ಸ್ ಎಂಬ ನಾಲ್ಕು ಕಡೆ ಲಾಕ್ ಸಿಗುತ್ತವೆ. ನಾಲ್ಕೂ ಇಳಿಯುವಂಥವು, ಕಲಿಯಲು ಅವೇ ಸುಲಭ. ಆರ್ಜಾನ್ಸ್ ದಾಟಿದರೆ ಬೆಜಿಯೇವರೆಗೆ 54 ಕಿಲೋಮೀಟರ್ ಒಂದೂ ಲಾಕ್ ಇಲ್ಲ. ಏರುವ ಲಾಕ್‌ಗಳು ಎದುರಾಗುವುದು ವಾಪಸ್ ಬರುವಾಗ. ಅಷ್ಟರಲ್ಲಿ ಬೋಟಿನ ಸ್ವಭಾವ ನಿಮಗೆ ಗೊತ್ತಾಗಿರುತ್ತದೆ.

ಲಾಕ್ ದಾಟುವುದೇ ಖುಷಿ ಎನ್ನುವವರು ಪಶ್ಚಿಮಕ್ಕೆ, ಟ್ರೆಬ್ ಕಡೆಗೆ ಹೋಗಬಹುದು. ಆ ದಾರಿಯಲ್ಲಿ ಎಗ್ವಿಯ್ ಲಾಕ್ ಹತ್ತಿರ ಅಲ್ಲಿನ ಲಾಕ್ ಕಾಯುವವರು ತುಕ್ಕು ಹಿಡಿದ ಕಬ್ಬಿಣ, ಹಳೆ ಮರದ ತುಂಡುಗಳಿಂದ ಮಾಡಿದ ತಮಾಷೆಯ ಬೊಂಬೆಗಳಿವೆ. ಮಕ್ಕಳಿದ್ದರೆ ಅಲ್ಲಿ ತುಸು ಹೊತ್ತು ನಿಲ್ಲಿಸಿ.

## ಹಂತ 2: ತಿಂಗಳು, ಬೋಟು, ವೀಸಾ

ಚಳಿಗಾಲದಲ್ಲಿ ರಿಪೇರಿಗಾಗಿ ಕಾಲುವೆ ಮುಚ್ಚುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಜೋರು, ಲಾಕ್ ಮುಂದೆ ಸಾಲು. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯದು. ಲಾಕ್ ತೆರೆಯುವ ಹೊತ್ತು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಬೇಸಿಗೆಯಲ್ಲಿ ಸುಮಾರು ಬೆಳಿಗ್ಗೆ 9ರಿಂದ ಸಂಜೆ 7, ನಡುವೆ ಒಂದು ಗಂಟೆ ಊಟದ ಬಿಡುವು. ಕಾಲುವೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ವಿಎನ್‌ಎಫ್ ಈ ವೇಳಾಪಟ್ಟಿ ಪ್ರಕಟಿಸುತ್ತದೆ. ನೀವು ಹೋಗುವ ವಾರದ್ದು ಇಳಿಸಿಕೊಂಡು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಆ ವಾರದ ಸರ್ಕಾರಿ ರಜೆಗಳನ್ನೂ ನೋಡಿ.

ಬೋಟು ದೊಡ್ಡದಾದಷ್ಟೂ ಆರಾಮ ಎಂಬುದು ತಪ್ಪು ಎಣಿಕೆ. ಇಬ್ಬರೇ ಇದ್ದರೆ 10 ಮೀಟರ್ ದಾಟಬೇಡಿ. 12 ಮೀಟರ್ ಮೇಲಿನದಕ್ಕೆ ಹಗ್ಗ ಹಿಡಿಯಬಲ್ಲ ಮೂವರು ದೊಡ್ಡವರಾದರೂ ಬೇಕು. ಅಜ್ಜ ಅಜ್ಜಿ, ಮಕ್ಕಳನ್ನು ಈ ಎಣಿಕೆಗೆ ಸೇರಿಸಬೇಡಿ. ಮುಂಭಾಗವನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್ ಇರುವ ಬೋಟನ್ನೇ ಕೇಳಿ, ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ.

ಷೆಂಗನ್ ವೀಸಾಕ್ಕೆ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಅರ್ಜಿ ಹಾಕಬಹುದು. ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚೆ ತೆಗೆದುಕೊಳ್ಳುವುದಿಲ್ಲ, 15 ದಿನಕ್ಕಿಂತ ತಡವೂ ಆಗಬಾರದು. ಇಲ್ಲಿ ಹಲವರು ಸಿಕ್ಕಿಹಾಕಿಕೊಳ್ಳುವುದು ವಾಸದ ದಾಖಲೆಯಲ್ಲಿ. ಬೋಟಿನ ಬುಕಿಂಗ್ ಒಬ್ಬರ ಹೆಸರಲ್ಲಿರುತ್ತದೆ, ಉಳಿದವರು ಎಲ್ಲಿ ಮಲಗುತ್ತಾರೆ ಎಂಬುದಕ್ಕೆ ಕಾಗದವೇ ಇರುವುದಿಲ್ಲ. ಎಲ್ಲರ ಹೆಸರು, ತಾರೀಖು, ಬೋಟು ಹೊರಡುವ ಜಾಗದ ವಿಳಾಸ ಇರುವ ಪತ್ರವನ್ನು ಕಂಪನಿಯಿಂದ ಕೇಳಿ ತರಿಸಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಇರಬೇಕು. ನೀವೇ ಬೋಟು ನಡೆಸುವುದು ಆ ವಿಮೆಗೆ ಒಳಪಡುತ್ತದೆಯೇ ಎಂದು ಏಜೆಂಟರಿಂದ ಬರಹದಲ್ಲೇ ಪಡೆಯಿರಿ.

ಪ್ಯಾರಿಸ್‌ನಿಂದ ನಾರ್ಬೋನ್ ಅಥವಾ ಬೆಜಿಯೇಗೆ ಟಿಜಿವಿ ಎಂಬ ವೇಗದ ರೈಲಿದೆ, ಅಲ್ಲಿಂದ ಓಂಪ್ಸ್‌ಗೆ ಟ್ಯಾಕ್ಸಿ. ಬೋಟು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ವಿಮಾನ ಇಳಿದ ದಿನವೇ ಹೋಗಿ ಹಿಡಿಯುವ ಸಾಹಸ ಬೇಡ, ಒಂದು ರಾತ್ರಿ ನಾರ್ಬೋನ್‌ನಲ್ಲಿ ಮಲಗಿ. ನಿದ್ದೆಗಣ್ಣಲ್ಲಿ ಕೇಳಿದ ಪಾಠ ಮೊದಲ ಲಾಕ್‌ನಲ್ಲಿ ನೆನಪಿಗೆ ಬರುವುದಿಲ್ಲ.

## ಹಂತ 3: ಸಾಮಾನು

ಮನೆಯಿಂದ ಒಯ್ಯಬೇಕಾದವು:

- ಹಗ್ಗ ಹಿಡಿಯಲು ಗಟ್ಟಿ ಕೈಗವಸು, ಪ್ರತಿ ದೊಡ್ಡವರಿಗೂ ಒಂದು ಜೊತೆ
- ಒದ್ದೆ ಕಲ್ಲಿನ ಮೇಲೆ ಜಾರದ, ಹಿಂದೆ ಪಟ್ಟಿ ಇರುವ ಪಾದರಕ್ಷೆ (ಹವಾಯಿ ಚಪ್ಪಲಿ ಬೇಡವೇ ಬೇಡ)
- ಹಗ್ಗ ಕತ್ತರಿಸುವಂಥ ಚಾಕು, ಚೆಕ್-ಇನ್ ಲಗೇಜಿನಲ್ಲಿ
- ಟಾರ್ಚು, ಟೋಪಿ, ಯುರೋಪಿನ ಪ್ಲಗ್ ಅಡಾಪ್ಟರ್
- ಮೆತ್ತನೆಯ ಬ್ಯಾಗುಗಳು; ಗಟ್ಟಿ ಸೂಟ್‌ಕೇಸ್ ಇಡಲು ಬೋಟಿನಲ್ಲಿ ಜಾಗವಿಲ್ಲ

ಬೋಟಿನಲ್ಲೇ ಇರಬೇಕಾದವು: ಉದ್ದ ಹಗ್ಗಗಳು, ಕಬ್ಬಿಣದ ಗೂಟಗಳು, ಗೂಟ ಹೊಡೆಯಲು ಸುತ್ತಿಗೆ, ಕೊಕ್ಕೆ ಕೋಲು, ಗೋಡೆಗೆ ತಾಗಿದಾಗ ಪೆಟ್ಟು ತಡೆಯಲು ಸುತ್ತ ನೇತಾಡುವ ಫೆಂಡರ್‌ಗಳು, ದಡಕ್ಕೆ ಹಾಕುವ ಹಲಗೆ, ನೀರಿನ ಪೈಪು, ಎಲ್ಲರ ಅಳತೆಯ ಲೈಫ್ ಜಾಕೆಟ್. ಇವನ್ನು ಕಣ್ಣಿಂದ ನೋಡಿ ಎಣಿಸಿಕೊಳ್ಳಿ.

ಅಡುಗೆಗೆ ಗ್ಯಾಸ್ ಒಲೆ ಇರುತ್ತದೆ. ಸಣ್ಣ ಕುಕ್ಕರ್, ಸಾರಿನ ಪುಡಿ, ರವೆ, ಅವಲಕ್ಕಿ ಒಯ್ದರೆ ವಾರ ಸಲೀಸಾಗಿ ಕಳೆಯುತ್ತದೆ. ಮಿಕ್ಸಿ, ರೈಸ್ ಕುಕ್ಕರ್ ಬೇಡ, ಬೋಟಿನ ಬ್ಯಾಟರಿ ತಡೆಯುವುದಿಲ್ಲ. ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪಿಗೆ ಒಯ್ಯುವಂತಿಲ್ಲ. ತುಪ್ಪ, ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಹಳ್ಳಿ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲಂತೂ ಏನೂ ಸಿಗದು. ತರಕಾರಿ, ಹಾಲು, ಮೊಸರು ಶನಿವಾರವೇ ತುಂಬಿಸಿಕೊಳ್ಳಿ.

## ಹಂತ 4: ಬೋಟು ಒಪ್ಪಿಸಿಕೊಳ್ಳುವುದು

ಕಂಪನಿಯವರು ಬೋಟು ತೋರಿಸಿ, ನಡೆಸುವುದು ಕಲಿಸಿ, ಆ ಪ್ರವಾಸಕ್ಕೆ ಮಾತ್ರ ಸಲ್ಲುವ ಪರವಾನಗಿ ಕಾರ್ಡು ಬರೆದುಕೊಡುತ್ತಾರೆ. ಶನಿವಾರ ಒಂದರ ಹಿಂದೆ ಒಂದು ಕುಟುಂಬ ಬರುವಾಗ ಈ ಪಾಠ ಅವಸರದಲ್ಲಿ ಮುಗಿಯುವುದುಂಟು. ಸಂಕೋಚ ಬೇಡ. ಮುಂದೆ, ಹಿಂದೆ ನಡೆಸಿ ದಡಕ್ಕೆ ತಂದು ನಿಲ್ಲಿಸುವುದನ್ನು ಅವರ ಎದುರಿಗೇ ಮಾಡಿ ತೋರಿಸಿ, ಆಮೇಲೆ ಸಹಿ ಹಾಕಿ. ಇಬ್ಬರಾದರೂ ಚುಕ್ಕಾಣಿ ಕಲಿತಿರಲಿ.

ಸಹಿಗೆ ಮುಂಚೆ ಈ ನಾಲ್ಕು ತೋರಿಸಿಕೊಳ್ಳಿ: ಗ್ಯಾಸ್ ಬಂದ್ ಮಾಡುವ ವಾಲ್ವ್, ಎಂಜಿನ್ ತಂಪು ಮಾಡುವ ನೀರಿನ ಫಿಲ್ಟರ್, ಬ್ಯಾಟರಿ ಸ್ವಿಚ್, ಅಗ್ನಿಶಾಮಕ. ಹೊರಮೈಯ ಗೀರುಗಳ ಫೋಟೋ ತೆಗೆಯಿರಿ. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರಿನ ಫೋಟೋವೂ ಇರಲಿ, ಡೀಸೆಲ್ ಲೆಕ್ಕ ಅದರ ಮೇಲೆ ಹಾಕುವುದುಂಟು.

## ಹಂತ 5: ಚುಕ್ಕಾಣಿ

ಬೋಟಿಗೆ ಬ್ರೇಕ್ ಇಲ್ಲ. ನಿಲ್ಲಿಸಬೇಕಾದರೆ ಮೊದಲು ನ್ಯೂಟ್ರಲ್, ಒಂದು ಕ್ಷಣ ಬಿಟ್ಟು ರಿವರ್ಸ್. ಕಾರು ನಡೆಸಿ ರೂಢಿಯಾದವರು ಚಕ್ರ ತಿರುಗಿಸಿದ ಕೂಡಲೇ ಬೋಟು ತಿರುಗಲಿಲ್ಲವೆಂದು ಇನ್ನಷ್ಟು ತಿರುಗಿಸುತ್ತಾರೆ. ಅಷ್ಟರಲ್ಲಿ ಮೊದಲ ತಿರುವಿನ ಪರಿಣಾಮ ಬಂದು ಬೋಟು ಅಡ್ಡ ಹೋಗುತ್ತದೆ, ಅದನ್ನು ಸರಿಮಾಡಲು ಹೋಗಿ ಆಚೆ ದಡಕ್ಕೆ ನುಗ್ಗುತ್ತದೆ. ಚಕ್ರ ಸ್ವಲ್ಪವೇ ತಿರುಗಿಸಿ, ಕಾಯಿರಿ, ಮೂತಿ ಹೊರಳಲು ಶುರುವಾದಾಗಲೇ ಚಕ್ರವನ್ನು ನಡುವಿಗೆ ತನ್ನಿ.

ಬೋಟು ತಿರುಗುವುದು ನಡುವಿನ ಸುತ್ತ. ಮೂತಿ ಎಡಕ್ಕೆ ಹೋದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ನಿಂತ ಬೋಟುಗಳಿಗೆ, ಸೇತುವೆಯ ಕಂಬಗಳಿಗೆ ತಗಲುವುದು ಹೆಚ್ಚಾಗಿ ಈ ಹಿಂಭಾಗವೇ.

ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ಹಿಂದಿರುಗಿ ನೋಡಿ: ನಿಮ್ಮ ಅಲೆ ದಡಕ್ಕೆ ಬಡಿದು ನೊರೆ ಎದ್ದರೆ, ಮಣ್ಣು ಕಲಕಿದರೆ, ವೇಗ ಹೆಚ್ಚಾಗಿದೆ. ನಿಂತ ಬೋಟುಗಳ ಪಕ್ಕ ನಡಿಗೆಯ ವೇಗಕ್ಕೆ ಇಳಿಸಿ, ಒಳಗೆ ಯಾರೋ ಬಿಸಿನೀರು ಬಗ್ಗಿಸುತ್ತಿರಬಹುದು. ಎದುರು ಬೋಟು ಬಂದರೆ ನೀವು ಬಲಕ್ಕೆ.

ಈ ಭಾಗದಲ್ಲಿ ವಾಯವ್ಯದಿಂದ ಸೆರ್ಸ್ ಎಂಬ ಗಾಳಿ ಬೀಸುತ್ತದೆ. ಬಾಡಿಗೆ ಬೋಟುಗಳು ಚಪ್ಪಟೆ ತಳದವು, ಜೋರು ಗಾಳಿಗೆ ಪಕ್ಕಕ್ಕೆ ಜಾರುತ್ತವೆ. ಗಾಳಿಯ ದಿನ ನಿಲ್ಲಿಸುವಾಗ ಮೂತಿ ಗಾಳಿಗೆ ಎದುರಾಗಿರಲಿ.

## ಹಂತ 6: ಇಳಿಯುವ ಲಾಕ್

ದೀಪ ನೋಡಿ. ಕೆಂಪು ಇದ್ದರೆ ಕಾಯಿರಿ, ಕೆಂಪು ಹಸಿರು ಎರಡೂ ಉರಿದರೆ ಲಾಕ್ ಸಿದ್ಧವಾಗುತ್ತಿದೆ, ಹಸಿರಾದರೆ ಒಳಗೆ. ಎರಡು ಕೆಂಪು ಇದ್ದರೆ ಲಾಕ್ ಬಂದ್. ಕಾಯುವಾಗ ನಡುನೀರಿನಲ್ಲಿ ಎಂಜಿನ್ ಆಡಿಸುತ್ತ ನಿಲ್ಲದೆ ದಡಕ್ಕೆ ಕಟ್ಟಿಕೊಳ್ಳಿ. ಪ್ರಯಾಣಿಕರನ್ನು ಒಯ್ಯುವ ದೊಡ್ಡ ಬೋಟು ಬಂದರೆ ಮೊದಲ ದಾರಿ ಅದಕ್ಕೆ.

ಒಳಗೆ ಹೋಗುವ ಮುಂಚೆಯೇ ಎಲ್ಲ ಸಿದ್ಧವಿರಬೇಕು. ಒಂದು ಹಗ್ಗ ಮುಂದೆ, ಒಂದು ಹಿಂದೆ. ಪ್ರತಿ ಹಗ್ಗದ ಒಂದು ತುದಿ ಬೋಟಿಗೆ ಕಟ್ಟಿದ್ದು, ಉಳಿದದ್ದು ಸಿಕ್ಕಿಲ್ಲದಂತೆ ಸುರುಳಿ ಸುತ್ತಿದ್ದು. ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡು ಒಂದೇ ಕಡೆ ಕೂತಿರಲಿ. ಈ ಕಾಲುವೆಯ ಹಳೆಯ ಲಾಕ್‌ಗಳು ಮೊಟ್ಟೆಯಾಕಾರದವು, ನಡುವೆ ಅಗಲ, ತುದಿಗಳಲ್ಲಿ ಕಿರಿದು. ಬೋಟಿನ ನಡುಭಾಗ ಗೋಡೆಯಿಂದ ದೂರವೇ ಉಳಿದು ಮೂಲೆಗಳು ಉಜ್ಜುತ್ತವೆ. ಆದ್ದರಿಂದ ಫೆಂಡರ್‌ಗಳು ಮುಖ್ಯವಾಗಿ ಮುಂದಿನ, ಹಿಂದಿನ ಮೂಲೆಗಳಲ್ಲಿರಲಿ.

ಮುಂದಿನ ಕ್ರಮ ಹೀಗೆ:

1. ತೀರಾ ನಿಧಾನಕ್ಕೆ ಒಳಗೆ ಬನ್ನಿ. ಲಾಕ್ ಕಾಯುವವರಿಗೆ ‘ಬೋಂಜೂರ್’ ಹೇಳಿ. ಫ್ರಾನ್ಸಿನಲ್ಲಿ ನಮಸ್ಕಾರವಿಲ್ಲದೆ ಮಾತು ಶುರುಮಾಡಿದರೆ ಅದು ಅಗೌರವ.
2. ಹಗ್ಗವನ್ನು ದಡದ ಮೇಲಿನ ಕಂಬಕ್ಕೆ ಬಳಸಿ ತುದಿಯನ್ನು ಬೋಟಿಗೇ ವಾಪಸ್ ತನ್ನಿ. ಮುಂದಿನದನ್ನು ಸ್ವಲ್ಪ ಮುಂದಿನ ಕಂಬಕ್ಕೆ, ಹಿಂದಿನದನ್ನು ಸ್ವಲ್ಪ ಹಿಂದಿನದಕ್ಕೆ. ಗಂಟು ಹಾಕಬೇಡಿ, ಕೈಯಲ್ಲಿ ಹಿಡಿಯಿರಿ.
3. ದಡಕ್ಕೆ ಇಳಿದವರು ನೀರು ಇಳಿಯುವ ಮುಂಚೆ ಬೋಟಿಗೆ ಹತ್ತಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ನಿಲ್ಲಿಸಿ ಎಂದರೆ ನಿಲ್ಲಿಸಿ.
4. ಹಿಂದಿನ ಗೇಟಿನ ಬುಡದಲ್ಲಿ ಕಲ್ಲಿನ ಹೊಸ್ತಿಲು ಚಾಚಿಕೊಂಡಿರುತ್ತದೆ. ಲಾಕ್ ತುಂಬಿರುವಾಗ ಅದು ಕಾಣುವುದಿಲ್ಲ. ಬೋಟಿನ ಹಿಂಭಾಗ ಅದರ ಮೇಲೆ ಬಾರದಷ್ಟು ಮುಂದಕ್ಕೆ ನಿಲ್ಲಿ.
5. ನೀರು ಇಳಿದಂತೆ, ಬಾವಿಗೆ ಕೊಡ ಇಳಿಸುವ ಹಾಗೆ ಹಗ್ಗ ಬಿಟ್ಟುಕೊಡುತ್ತ ಹೋಗಿ.
6. ಗೇಟು ಪೂರ್ತಿ ತೆರೆದಮೇಲೆ ಒಂದು ತುದಿ ಎಳೆದು ಹಗ್ಗ ಬೋಟಿಗೆ ಸೇರಿಸಿ. ನೀರಿನಲ್ಲಿ ಬಿದ್ದರೆ ಬೋಟನ್ನು ತಳ್ಳುವ ಪಂಖಕ್ಕೆ (ಪ್ರೊಪೆಲ್ಲರ್) ಸುತ್ತಿಕೊಳ್ಳುತ್ತದೆ.

ಗಂಟು ಹಾಕಿದರೆ ಏನಾಗುತ್ತದೆ? ನೀರು ಕೆಳಗೆ ಹೋಗುತ್ತದೆ, ಬೋಟು ಹಗ್ಗಕ್ಕೆ ನೇತುಬೀಳುತ್ತದೆ. ಮೊದಲ ಸುಳಿವು ಶಬ್ದ: ಹಗ್ಗ ಕಿರ್ರೆನ್ನುತ್ತದೆ. ಆಮೇಲೆ ಮೇಜಿನ ಮೇಲಿನ ಲೋಟ ಜಾರಲು ಶುರುವಾಗುತ್ತದೆ. ಆ ಹೊತ್ತಿಗೆ ಗಂಟು ಬಿಗಿದುಕೊಂಡು ಬೆರಳಿಗೆ ಬಿಚ್ಚಲು ಬರುವುದಿಲ್ಲ. ಜೋರಾಗಿ ‘ಸ್ಟಾಪ್’ ಎಂದು ಕೂಗಿ, ಅಲ್ಲಿನವರಿಗೂ ಅದು ಅರ್ಥವಾಗುತ್ತದೆ. ಅವರು ನೀರು ನಿಲ್ಲಿಸುತ್ತಾರೆ. ಅಷ್ಟಕ್ಕೂ ಕಾಯುವಂತಿಲ್ಲ ಅನ್ನಿಸಿದರೆ ಹಗ್ಗ ಕತ್ತರಿಸಿ. ಬಿಗಿದ ಹಗ್ಗ ಕತ್ತರಿಸಿದಾಗ ಸಿಡಿಯುತ್ತದೆ, ಅದರ ನೇರಕ್ಕೆ ಯಾರೂ ನಿಂತಿರಬಾರದು. ಹಿಂಭಾಗ ಹೊಸ್ತಿಲ ಮೇಲೆ ಕೂತು ಮೂತಿ ತಗ್ಗಿದರೂ ಅದೇ ಕೂಗು.

ಬೋಟು ಗೋಡೆಗೆ ಬರುತ್ತಿದೆಯೆಂದು ಕಾಲು, ಕೈ ಅಡ್ಡ ಕೊಡಬೇಡಿ. ಎಷ್ಟೋ ಟನ್ ತೂಕದ ಬೋಟನ್ನು ಮೊಣಕಾಲು ತಡೆಯುವುದಿಲ್ಲ. ತಗಲಲಿ ಬಿಡಿ, ಫೆಂಡರ್ ಇರುವುದೇ ಅದಕ್ಕೆ.

## ಹಂತ 7: ಏರುವ ಲಾಕ್

ಇದು ಕಷ್ಟ. ನೀವು ತೊಟ್ಟಿಯ ತಳದಲ್ಲಿರುತ್ತೀರಿ, ಹಗ್ಗ ಸುತ್ತುವ ಕಂಬ ತಲೆಯ ಮೇಲೆ ಎಲ್ಲೋ, ಸುತ್ತ ಪಾಚಿ ಹಿಡಿದು ನೀರು ಜಿನುಗುವ ಗೋಡೆ. ಹಾಗಾಗಿ ಒಬ್ಬರು ಲಾಕ್‌ಗೆ ಮುಂಚೆಯೇ, ಕೆಳಗಿನ ಕಟ್ಟೆಯ ಬಳಿ ಇಳಿದು ಮೆಟ್ಟಿಲಲ್ಲಿ ನಡೆದು ಮೇಲೆ ಹೋಗಿ ನಿಲ್ಲಬೇಕು. ಬೋಟು ಕಟ್ಟೆಗೆ ತಾಗಿ ನಿಂತಮೇಲೆ ಕಾಲಿಟ್ಟು ಇಳಿಯಿರಿ, ಹಾರಬೇಡಿ. ಇದನ್ನು ಮರೆತು ಒಳಗೆ ಬಂದು, ಆಮೇಲೆ ಗೋಡೆಯ ಏಣಿ ಹತ್ತಲು ಹೋಗುವುದೇ ಇಲ್ಲಿನ ಮಾಮೂಲಿ ತಪ್ಪು.

ಬೋಟು ಒಳಗೆ ಬಂದಾಗ ಮೇಲಿದ್ದವರು ಮೊದಲು ಮುಂದಿನ ಹಗ್ಗ ಹಿಡಿದು ಕಂಬಕ್ಕೆ ಬಳಸಿ ತುದಿ ಕೆಳಗೆ ಎಸೆಯಲಿ, ಆಮೇಲೆ ಹಿಂದಿನದು. ನೀರು ಬರುವುದು ಮುಂದಿನ ಗೇಟಿನ ಕಡೆಯಿಂದ, ರಭಸವಾಗಿ. ಬೋಟು ಮೊದಲು ಹಿಂದಕ್ಕೆ ಹೋಗುತ್ತದೆ, ಆಮೇಲೆ ಮುಂದಕ್ಕೆ ಎಳೆಯುತ್ತದೆ. ಮುಂದಿನ ಗೇಟಿನಿಂದ ಅಂತರ ಇರಲಿ. ಬೋಟು ಏರಿದಂತೆ ಹಗ್ಗ ಸಡಿಲವಾಗುತ್ತದೆ, ಸಡಿಲಾದಷ್ಟನ್ನೂ ಒಡನೆ ಎಳೆದುಕೊಳ್ಳಿ. ಎಳೆತ ಜೋರಿದ್ದರೆ ಬೋಟಿನ ಮೇಲಿನ ಗೂಟಕ್ಕೆ ಅರ್ಧ ಸುತ್ತು ಹಾಕಿ ಹಿಡಿಯಬಹುದು, ಅದು ಕ್ಷಣದಲ್ಲಿ ಬಿಡುತ್ತದೆ. ಬೆರಳು ಮಾತ್ರ ಹಗ್ಗಕ್ಕೂ ಗೂಟಕ್ಕೂ ನಡುವೆ ಹೋಗಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಂತೂ ಎಂದಿಗೂ ಬೇಡ.

ಜೋಡಿ ಲಾಕ್‌ಗಳಲ್ಲಿ ಒಂದು ತೊಟ್ಟಿಯಿಂದ ನೇರ ಇನ್ನೊಂದಕ್ಕೆ ಹೋಗುವುದು. ಮೇಲಿದ್ದವರು ಮೇಲೆಯೇ ಹಗ್ಗ ಹಿಡಿದು ಬೋಟಿನ ಜೊತೆ ನಡೆಯಲಿ.

## ಹಂತ 8: ಕಾಪೆಸ್ತಾಂಗ್ ಸೇತುವೆ, ಮಾಲ್ಪಾ ಸುರಂಗ

ಕಾಪೆಸ್ತಾಂಗ್‌ನ ಕಮಾನು ಸೇತುವೆ ಬಹಳ ತಗ್ಗು. ನಿಮ್ಮ ಬೋಟು ಅದರಡಿ ಹಿಡಿಸುತ್ತದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಹತ್ತಿರ ಬರುವ ಮುಂಚೆ ಮೇಲಿನ ಛಾವಣಿ, ಕೊಡೆ ಮಡಚಿ, ಸೈಕಲ್ ಮಲಗಿಸಿ, ಮೇಲಿದ್ದವರು ಕೆಳಗೆ ಬನ್ನಿ. ಕಮಾನಿನ ನಟ್ಟನಡುವೆ, ನಿಧಾನಕ್ಕೆ.

ಕೊಲೊಂಬಿಯೇ ಹತ್ತಿರದ ಮಾಲ್ಪಾ ಸುರಂಗ 165 ಮೀಟರ್. ಒಂದು ಸಲಕ್ಕೆ ಒಂದೇ ಬೋಟು. ದೀಪ ಹಾಕಿ, ಹಾರನ್ ಹೊಡೆದು, ಒಳಗೆ ಯಾರೂ ಇಲ್ಲವೆಂದು ಖಚಿತವಾದಮೇಲೆ ನುಗ್ಗಿ.

ಬೆಜಿಯೇಯಲ್ಲಿ ಮೆಟ್ಟಿಲಿನಂತೆ ಒಂದರ ಕೆಳಗೊಂದು ಇರುವ ಫೋನ್ಸೆರಾನ್ ಲಾಕ್‌ಗಳನ್ನು ಬೋಟಿನಲ್ಲೇ ಇಳಿಯುವ ಆಸೆ ಸಹಜ. ಅಲ್ಲಿ ಏರಲು, ಇಳಿಯಲು ಬೇರೆ ಬೇರೆ ಹೊತ್ತು ಗೊತ್ತುಮಾಡಿರುತ್ತಾರೆ. ಹೊತ್ತು ತಪ್ಪಿದರೆ ಅರ್ಧ ದಿನ ಹೋಯಿತು. ಮೊದಲ ಪ್ರವಾಸದಲ್ಲಿ ಬೋಟನ್ನು ಕೊಲೊಂಬಿಯೇಯಲ್ಲಿ ಕಟ್ಟಿ ಕಾಲುವೆ ದಡದಲ್ಲೇ ಸೈಕಲ್ ಮೇಲೆ ಹೋಗಿ ನೋಡಿ ಬನ್ನಿ. ಮೇಲಿನಿಂದ ನಿಂತು ನೋಡುವುದೇ ಚೆಂದ ಎಂಬುದು ನನ್ನ ಖಚಿತ ಅಭಿಪ್ರಾಯ.

## ಹಂತ 9: ರಾತ್ರಿ ತಂಗುವುದು

ಮರಕ್ಕೆ ಹಗ್ಗ ಕಟ್ಟಬೇಡಿ. ಇದು ನಿಷಿದ್ಧ, ಕಾರಣವೂ ಗಂಭೀರ. ದಡದ ಪ್ಲೇನ್ ಮರಗಳನ್ನು ಒಂದು ಶಿಲೀಂಧ್ರ ರೋಗ ಕೊಲ್ಲುತ್ತಿದೆ. 2006ರಲ್ಲಿ ಇಲ್ಲಿ ಕಾಣಿಸಿಕೊಂಡ ಅದು ಸಾವಿರಾರು ಮರಗಳನ್ನು ಬಲಿ ತೆಗೆದುಕೊಂಡಿದೆ. ತೊಗಟೆಯ ಗಾಯದಿಂದ ಒಳಹೊಕ್ಕು ಬೋಟುಗಳ ಮೂಲಕ ಊರಿಂದೂರಿಗೆ ಹೋಗುತ್ತದೆ. ಫೋಟೋದಲ್ಲಿ ಕಂಡ ನೆರಳು ಹಲವು ಕಡೆ ಈಗಿಲ್ಲದಿರುವುದೂ ಇದರಿಂದಲೇ.

ದಡಕ್ಕೆ ಮೂತಿಯನ್ನು ಮೊದಲು ತನ್ನಿ. ಅಂಚಿನಲ್ಲಿ ಕಲ್ಲುಗಳಿರುತ್ತವೆ, ಪಂಖ ಇರುವ ಹಿಂಭಾಗ ಸ್ವಲ್ಪ ಹೊರಗೇ ಇದ್ದರೆ ಕ್ಷೇಮ. ಗೂಟಗಳನ್ನು ದಡದ ಮೇಲಿನ ದಾರಿಗಿಂತ ನೀರಿನ ಕಡೆಗೆ, ಬೋಟಿನಿಂದ ಆಚೆ ವಾಲಿಸಿ ಹೊಡೆಯಿರಿ. ದಾರಿಗೆ ಅಡ್ಡ ಹಗ್ಗವಿದ್ದರೆ ಮುಸ್ಸಂಜೆಯಲ್ಲಿ ಬರುವ ಸೈಕಲ್‌ನವರ ಪ್ರಾಣಕ್ಕೆ ಕುತ್ತು. ಗೂಟದ ತಲೆಗೆ ಬಿಳಿ ಬಟ್ಟೆ ಸುತ್ತಿ. ರಾತ್ರಿ ನೀರಿನ ಮಟ್ಟ ತುಸು ಇಳಿಯಬಹುದು, ಆದ್ದರಿಂದ ಹಗ್ಗದಲ್ಲಿ ಸ್ವಲ್ಪ ಸಡಿಲ ಇರಲಿ.

## ಹಂತ 10: ದಿನಾ ಬೆಳಿಗ್ಗೆ ನೋಡಬೇಕಾದ್ದು

ಎಂಜಿನ್ ಶುರುಮಾಡಿದ ಮೇಲೆ ಹೊಗೆಯ ಜೊತೆ ನೀರು ಹೊರಬರುವ ಮಾದರಿಯಾದರೆ, ಬರುತ್ತಿದೆಯೇ ನೋಡಿ. ಬರದಿದ್ದರೆ ಎಂಜಿನ್ ತಂಪಾಗುತ್ತಿಲ್ಲ, ಒಡನೆ ನಿಲ್ಲಿಸಿ. ಹೆಚ್ಚಾಗಿ ಫಿಲ್ಟರಿನಲ್ಲಿ ಎಲೆ, ಕಳೆ ಸಿಕ್ಕಿರುತ್ತದೆ. ದಾರಿಯಲ್ಲಿ ಬಿಸಿಯ ಎಚ್ಚರಿಕೆ ಗಂಟೆ ಕೂಗಿದರೂ ಇದೇ.

ಬೋಟು ಇದ್ದಕ್ಕಿದ್ದಂತೆ ನಡುಗಿದರೆ ಪಂಖಕ್ಕೆ ಏನೋ ಸುತ್ತಿದೆ. ನ್ಯೂಟ್ರಲ್‌ಗೆ ಹಾಕಿ, ಒಂದೆರಡು ಸಲ ಮೆಲ್ಲಗೆ ರಿವರ್ಸ್ ಕೊಡಿ. ಬಿಡದಿದ್ದರೆ ಕಂಪನಿಗೆ ಫೋನ್ ಮಾಡಿ. ನೀವಾಗಿ ನೀರಿಗೆ ಇಳಿಯಬೇಡಿ. ತಳದ ನೀರು ಹೊರಹಾಕುವ ಪಂಪ್ ನಿಲ್ಲದೆ ಓಡುತ್ತಿದ್ದರೂ ಫೋನ್ ಮಾಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ವಾಲ್ವ್ ಮುಚ್ಚಿ, ಕಿಟಕಿ ತೆರೆದು ಎಲ್ಲರೂ ದಡಕ್ಕೆ ಇಳಿಯಿರಿ.

ಕಾಲುವೆಯಲ್ಲಿ ಈಜುವಂತಿಲ್ಲ. ಇಲಿ ಜ್ವರದ ಸೋಂಕು ಇಂಥ ನೀರಿನಿಂದಲೇ ಬರುತ್ತದೆ. ಕೈಕಾಲಿನಲ್ಲಿ ಗಾಯವಿದ್ದರೆ ಇನ್ನೂ ಜಾಗ್ರತೆ. ಯಾರಾದರೂ ಬಿದ್ದರೆ ಮೊದಲ ಕೆಲಸ ಪಂಖ ನಿಲ್ಲಿಸುವುದು, ಆಮೇಲೆ ತೇಲುಬಳೆ ಎಸೆಯುವುದು. ಹಿಂದೆಯೇ ಹಾರಬೇಡಿ. ತುರ್ತು ಸಹಾಯಕ್ಕೆ ಯುರೋಪಿನಾದ್ಯಂತ 112.

## ಹಂತ 11: ಬೋಟು ವಾಪಸ್ ಕೊಡುವುದು

ಒಪ್ಪಿಸುವುದು ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ, ಲಾಕ್ ತೆರೆಯುವುದೂ ಆಗಲೇ. ಆದ್ದರಿಂದ ಹಿಂದಿನ ಸಂಜೆಯೇ ಕೊನೆಯ ಲಾಕ್ ದಾಟಿ ಓಂಪ್ಸ್ ಸೇರಿರಬೇಕು. ಪಾತ್ರೆ ತೊಳೆದು, ಕಸ ಬೇರ್ಪಡಿಸಿ ಹಾಕಿ, ಮೀಟರಿನ ಫೋಟೋ ಮತ್ತೆ ತೆಗೆದು, ಕಂಪನಿಯವರ ಜೊತೆಯಲ್ಲೇ ಬೋಟಿನ ಸುತ್ತ ನಡೆದು ನೋಡಿ. ಹೊಸ ಗೀರು ಇದ್ದರೆ ನೀವೇ ತೋರಿಸಿ. ಡೆಪಾಸಿಟ್ ವಾಪಸಾಗುವ ತಾರೀಖು ಬರೆದ ರಸೀದಿ ಪಡೆದು ಟ್ಯಾಕ್ಸಿ ಹತ್ತಿ. ಆ ಟ್ಯಾಕ್ಸಿಯನ್ನು ಹಿಂದಿನ ದಿನವೇ ಹೇಳಿಟ್ಟಿರಬೇಕು, ಓಂಪ್ಸ್‌ನಂಥ ಸಣ್ಣ ಊರಿನಲ್ಲಿ ರಸ್ತೆಗೆ ಬಂದು ಕೈ ತೋರಿಸಿದರೆ ಸಿಗುವುದಿಲ್ಲ.